ಎಲುಬಿನ ವಯಸ್ಸನ್ನು ಹೇಳುವುದು ಮಣ್ಣು

ಬಾನುಲಿ ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮಂಥ ಮನುಷ್ಯರು, ಎಂದರೆ ಹೋಮೋ ಸೇಪಿಯನ್ಸ್ ಎಂದು ಕರೆಸಿಕೊಳ್ಳುವ ನಾವು, ಈ ಭೂಮಿಯ ಮೇಲೆ ಕಾಣಿಸಿಕೊಂಡು ಎಷ್ಟು ಕಾಲವಾಯಿತು ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷಗಳ ಹಿಂದೆ ಸಿಗುತ್ತಿದ್ದ ಉತ್ತರ ಸುಮಾರು 2 ಲಕ್ಷ ವರ್ಷ. ಇಂದು ಸಿಗುವ ಉತ್ತರ ಸುಮಾರು 3 ಲಕ್ಷ ವರ್ಷ. ಇದನ್ನು ಕಂಡು ಕೆಲವರು, ವಿಜ್ಞಾನಿಗಳು ಇವತ್ತೊಂದು ಹೇಳುತ್ತಾರೆ, ನಾಳೆಯೊಂದು ಹೇಳುತ್ತಾರೆ, ಇವರನ್ನು ನಂಬುವುದು ಹೇಗೆ ಎಂದು ಕೇಳುತ್ತಾರೆ. ಇನ್ನು ಕೆಲವರು ಮನುಷ್ಯನ ಇತಿಹಾಸವೆಲ್ಲ ಸುಳ್ಳೆಂದು ಸಾಬೀತಾಗಿಬಿಟ್ಟಿದೆ ಎಂಬ ಸಂದೇಶವನ್ನು, ಓದಿಯೂ ನೋಡದೆ, ಮೊಬೈಲಿನಿಂದ ಮೊಬೈಲಿಗೆ ದಾಟಿಸುತ್ತಾರೆ. ಈ ಎರಡೂ ಬಗೆಯವರಿಗೆ ನಾನು ಹೇಳಬೇಕಾದ ಮಾತು ಒಂದೇ. ಒಂದು ಹಳೆಯ ಎಲುಬಿನ ವಯಸ್ಸು ಇಷ್ಟು ಎಂದು ಯಾರಾದರೂ ಹೇಳಿದರೆ, ಅದು ಯಾವ ಮಣ್ಣಿನಲ್ಲಿ ಬಿದ್ದಿತ್ತು ಎಂದು ಮೊದಲು ಕೇಳಿ. ಲಕ್ಷಾಂತರ ವರ್ಷ ಹಳೆಯದಾದ ಎಲುಬನ್ನು ಕೈಯಲ್ಲಿ ಹಿಡಿದು ನೋಡಿ ಅದರ ವಯಸ್ಸನ್ನು ಯಾರೂ ಹೇಳಲಾರರು; ಅದನ್ನು ಮುಚ್ಚಿಕೊಂಡಿದ್ದ ಮಣ್ಣು, ಬೂದಿ, ಕಲ್ಲು ಇವುಗಳೇ ಹೇಳಬೇಕು.

ಇದಕ್ಕೆ ಮೊರಾಕೊ ದೇಶದ ಜೆಬೆಲ್ ಇರೂದ್ ಎಂಬ ಸ್ಥಳದ ಕಥೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮರಾಕೆಶ್ ನಗರದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಈ ಗುಡ್ಡದಲ್ಲಿ ಬೆರೈಟ್ ಎಂಬ ಖನಿಜದ ಗಣಿಯಿತ್ತು. 1961ರಲ್ಲಿ ಅಲ್ಲಿನ ಗಣಿ ಕಾರ್ಮಿಕರಿಗೆ ಒಂದು ತಲೆಬುರುಡೆ ಸಿಕ್ಕಿತು. ಅದನ್ನು ಮೊದಲು ಅಧ್ಯಯನ ಮಾಡಿದ ಎಮಿಲ್ ಎನುಶಿ ಎಂಬ ವಿದ್ವಾಂಸರು, ಇದು ಯುರೋಪಿನಲ್ಲಿ ಸಿಗುವ, ನಮ್ಮ ಹತ್ತಿರದ ಸಂಬಂಧಿಯಾಗಿದ್ದು ಅಳಿದುಹೋದ ನಿಯಾಂಡರ್ತಾಲ್ ಮಾನವನದೇ ಬುರುಡೆ ಎಂದು ಪ್ರಕಟಿಸಿದರು. ಅದರ ಜೊತೆಗಿದ್ದ ಕಲ್ಲಿನ ಉಪಕರಣಗಳೂ ಯುರೋಪಿನ ನಿಯಾಂಡರ್ತಾಲರ ಉಪಕರಣಗಳನ್ನು ಹೋಲುತ್ತಿದ್ದುದರಿಂದ, ವಯಸ್ಸು ಸುಮಾರು 40 ಸಾವಿರ ವರ್ಷವಿರಬಹುದು ಎಂಬ ಅಂದಾಜು ಹುಟ್ಟಿಕೊಂಡಿತು. ಕೇಳುಗರು ಇಲ್ಲಿ ಗಮನವಿಡಬೇಕು. ಬುರುಡೆಯ ಚಹರೆಯನ್ನು ನೋಡಿದರು, ಉಪಕರಣದ ಆಕಾರವನ್ನು ನೋಡಿದರು, ಒಂದು ಸಂಖ್ಯೆ ಹೇಳಿದರು. ಬುರುಡೆ ಬಿದ್ದಿದ್ದ ಪದರದ ಕಾಲವನ್ನು ಯಾರೂ ಅಳೆದಿರಲಿಲ್ಲ. ಗಣಿಯ ಕೆಲಸದಲ್ಲಿ ಆ ಪದರವೇ ಕದಡಿ ಹೋಗಿತ್ತು.

ಮುಂದೆ 1968ರಲ್ಲಿ ಅದೇ ಜಾಗದಲ್ಲಿ ಒಂದು ಮಗುವಿನ ಕೆಳದವಡೆ ಸಿಕ್ಕಿತು. ಫ್ರಾನ್ಸಿನ ಜಾನ್ ಜಾಕ್ ಹುಬ್ಲಾ ಎಂಬ ಮಾನವಶಾಸ್ತ್ರಜ್ಞರನ್ನು 1980ರ ದಶಕದಿಂದಲೇ ಈ ಎಲುಬುಗಳು ಕಾಡುತ್ತಿದ್ದವು, ಏಕೆಂದರೆ ಅವು ನಿಯಾಂಡರ್ತಾಲರಿಗಿಂತ ನಮ್ಮನ್ನೇ ಹೆಚ್ಚು ಹೋಲುತ್ತಿದ್ದವು. ನಮ್ಮಂಥ ಮುಖವುಳ್ಳವನು 40 ಸಾವಿರ ವರ್ಷದ ಹಿಂದೆ ಇದ್ದದ್ದು ವಿಶೇಷವಲ್ಲ. ಆದರೆ ಮಿದುಳಿನ ಗೂಡು ನಮ್ಮಂತೆ ಗುಂಡಗಿರದೆ ಹಿಂದಕ್ಕೆ ಉದ್ದವಾಗಿ ಚಾಚಿಕೊಂಡಿತ್ತು. ಅಷ್ಟು ಇತ್ತೀಚಿನ ಕಾಲದಲ್ಲಿ ಅಂಥ ತಲೆ ಇರುವುದಕ್ಕೆ ಅರ್ಥವಿರಲಿಲ್ಲ. 2007ರಲ್ಲಿ ಆ ಮಗುವಿನ ಹಲ್ಲನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನದಿಂದ ಪರೀಕ್ಷಿಸಿದಾಗ 1 ಲಕ್ಷ 60 ಸಾವಿರ ವರ್ಷ ಎಂದು ಬಂತು. 40 ಸಾವಿರ ಒಂದೇಟಿಗೆ ನಾಲ್ಕು ಪಟ್ಟಾಯಿತು. ಅದೂ ಸರಿಯಾದ ಉತ್ತರವಾಗಿರಲಿಲ್ಲ.

ಅಷ್ಟು ಹೊತ್ತಿಗಾಗಲೇ, 2004ರಿಂದ, ಹುಬ್ಲಾ ಅವರು ಮೊರಾಕೊದ ಅಬ್ದೆಲ್‌ವಾಹೆದ್ ಬೆನ್‌ನ್ಸೆರ್ ಅವರೊಡನೆ ಅಲ್ಲಿ ಮತ್ತೆ ಉತ್ಖನನ ಆರಂಭಿಸಿದ್ದರು. ಗಣಿಯವರು ಮುಟ್ಟದೆ ಉಳಿದಿದ್ದ ಸ್ವಲ್ಪ ಮಣ್ಣು ಗುಹೆಯ ಮೂಲೆಯಲ್ಲಿ ಇನ್ನೂ ಇತ್ತು. ಆ ಮಣ್ಣಿನಲ್ಲಿ ಹೊಸ ಎಲುಬುಗಳು ಸಿಕ್ಕವು. ಹಳೆಯವನ್ನೂ ಸೇರಿಸಿದರೆ ಕನಿಷ್ಠ ಐದು ಮಂದಿಯದಾದವು. ಜಿಂಕೆಯನ್ನು ಹೋಲುವ ಗಜೆಲ್ ಎಂಬ ಪ್ರಾಣಿಯ ಮೂಳೆಗಳೂ ಧಾರಾಳವಾಗಿ ಸಿಕ್ಕವು. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅಲ್ಲಿ ದೊರೆತ ಸುಟ್ಟ ಚಕಮಕಿ ಕಲ್ಲುಗಳು. ಒಬ್ಬರು ಉಪಕರಣ ಮಾಡಿ ಬಿಸಾಡಿದ ಚಕ್ಕೆಗಳ ಮೇಲೆ ಇನ್ನೊಬ್ಬರು ಬಂದು ಬೆಂಕಿ ಹೊತ್ತಿಸಿದ್ದಾರೆ. ಕೆಳಗಿದ್ದ ಚಕ್ಕೆಗಳು ಕಾದು ಸುಟ್ಟಿವೆ. ಅವರಿಗೆ ಅದು ಅಡುಗೆಯ ಬೆಂಕಿ, ನಮಗೆ ಅದು ಗಡಿಯಾರ.

ಅದು ಹೇಗೆ ಎಂಬುದನ್ನು ಹೇಳುತ್ತೇನೆ. ಮಳೆಗಾಲದಲ್ಲಿ ಸೂರಿನಡಿ ಒಂದು ಖಾಲಿ ಕೊಡವನ್ನು ಇಟ್ಟಿದ್ದೀರಿ ಎಂದುಕೊಳ್ಳಿ. ಗಂಟೆಗೆ ಎಷ್ಟು ನೀರು ತೊಟ್ಟಿಕ್ಕುತ್ತದೆ ಎಂಬುದು ಗೊತ್ತಿದ್ದರೆ, ಕೊಡದಲ್ಲಿರುವ ನೀರನ್ನು ಅಳೆದು, ಅದನ್ನು ಯಾವಾಗ ಇಟ್ಟದ್ದು ಎಂದು ಲೆಕ್ಕ ಹಾಕಬಹುದು. ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಿಂದ ಹೊರಡುವ ಅಲ್ಪ ಪ್ರಮಾಣದ ವಿಕಿರಣ ಸದಾ ಇರುತ್ತದೆ. ಆ ಮಣ್ಣಿನಲ್ಲಿ ಹೂತುಹೋದ ಕಲ್ಲಿನೊಳಗೆ ಅದರ ಶಕ್ತಿ ವರ್ಷದಿಂದ ವರ್ಷಕ್ಕೆ ತುಂಬಿಕೊಳ್ಳುತ್ತ ಹೋಗುತ್ತದೆ. ಕಲ್ಲು ಬೆಂಕಿಗೆ ಬಿದ್ದಾಗ ಕೊಡ ಖಾಲಿಯಾಗುತ್ತದೆ, ಅಂದಿನಿಂದ ಮತ್ತೆ ತುಂಬತೊಡಗುತ್ತದೆ. ಪ್ರಯೋಗಾಲಯದ ಕತ್ತಲೆಯಲ್ಲಿ, ಮಂದವಾದ ಕೆಂಪು ದೀಪದ ಬೆಳಕಿನಲ್ಲಿ, ಆ ಕಲ್ಲಿನ ಹೊರಮೈಯನ್ನು ಕೊಯ್ದು ತೆಗೆದು, ಒಳತಿರುಳನ್ನು ಪುಡಿ ಮಾಡಿ ಕಾಯಿಸಿದರೆ, ತುಂಬಿಕೊಂಡಿದ್ದ ಶಕ್ತಿ ಕ್ಷೀಣವಾದ ಬೆಳಕಾಗಿ ಹೊರಬರುತ್ತದೆ. ಆ ಬೆಳಕನ್ನು ಅಳೆದರೆ ಬೆಂಕಿ ಹೊತ್ತಿಸಿದ ಕಾಲ ತಿಳಿಯುತ್ತದೆ. ಥರ್ಮೋಲ್ಯೂಮಿನೆಸೆನ್ಸ್ ಎಂದು ಇದರ ಹೆಸರು.

ಡ್ಯಾನಿಯೆಲ್ ರಿಕ್ಟರ್ ಅವರ ತಂಡ ಹೀಗೆ ಅಳೆದು ಪಡೆದ ಉತ್ತರ ಸುಮಾರು 3 ಲಕ್ಷ 15 ಸಾವಿರ ವರ್ಷ. ಈಗ ಆ ಮಗುವಿನ ಹಲ್ಲಿಗೆ ಬರೋಣ. ಕಲ್ಲಿನಂತೆ ಹಲ್ಲಿನೊಳಗೂ ಮಣ್ಣಿನ ವಿಕಿರಣದ ಶಕ್ತಿ ತುಂಬಿಕೊಳ್ಳುತ್ತ ಹೋಗುತ್ತದೆ. ಗುಹೆಯ ಮಣ್ಣಿನ ವಿಕಿರಣವನ್ನು ಹೊಸದಾಗಿ ಅಳೆದು, ಸುಧಾರಿಸಿದ ವಿಧಾನದಿಂದ ಅದೇ ಹಲ್ಲಿನ ಲೆಕ್ಕವನ್ನು ಮತ್ತೆ ಹಾಕಿದಾಗ, ಹಿಂದೆ 1 ಲಕ್ಷ 60 ಸಾವಿರ ಎಂದಿದ್ದ ಹಲ್ಲು ಸುಮಾರು 2 ಲಕ್ಷ 86 ಸಾವಿರ ಎಂದಿತು. ಹಲ್ಲು ಬದಲಾಗಲಿಲ್ಲ. ಹನಿ ಎಷ್ಟು ವೇಗದಲ್ಲಿ ಬೀಳುತ್ತಿತ್ತು ಎಂಬ ತಿಳಿವಳಿಕೆ ಬದಲಾಯಿತು. ನಾನು ಮಣ್ಣು ಮಣ್ಣು ಎಂದು ಹೇಳುತ್ತಿರುವುದು ಇದಕ್ಕಾಗಿ. 2017ರ ಜೂನ್ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ, ನಮ್ಮ ಕುಲದ ಚರಿತ್ರೆ ಒಂದು ಲಕ್ಷ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಯಿತು. ಪೂರ್ವ ಆಫ್ರಿಕದ ಒಂದೇ ತೊಟ್ಟಿಲಿನಲ್ಲಿ ನಾವು ಹುಟ್ಟಿದೆವು ಎಂಬ ಭಾವನೆಯೂ ಸಡಿಲವಾಯಿತು, ಏಕೆಂದರೆ ಮೊರಾಕೊ ಇರುವುದು ಆ ಖಂಡದ ವಾಯವ್ಯ ಮೂಲೆಯಲ್ಲಿ.

ಇನ್ನು ಇಥಿಯೋಪಿಯ. ಅಲ್ಲಿನ ಓಮೋ ಕಿಬಿಶ್ ಎಂಬಲ್ಲಿ ರಿಚರ್ಡ್ ಲೀಕಿ ಅವರ ತಂಡಕ್ಕೆ 1967ರಲ್ಲಿ ಸಿಕ್ಕ ಎಲುಬುಗಳಿಗೆ ಮೊದಲು ಹೇಳಿದ ವಯಸ್ಸು 1 ಲಕ್ಷ 30 ಸಾವಿರ. 2005ರಲ್ಲಿ ಅದು 1 ಲಕ್ಷ 95 ಸಾವಿರವಾಯಿತು. 2022ರಲ್ಲಿ, ಎಲುಬುಗಳಿಗಿಂತ ಮೇಲಿನ ಪದರದಲ್ಲಿದ್ದ ಬೂದಿ ಶಾಲಾ ಎಂಬ ಜ್ವಾಲಾಮುಖಿಯದೆಂದು ಗುರುತಿಸಿ, ಕನಿಷ್ಠ 2 ಲಕ್ಷ 30 ಸಾವಿರ ವರ್ಷ ಎಂದು ತೀರ್ಮಾನಿಸಿದರು. ಬೂದಿ ಮೇಲಿದೆ, ಎಲುಬು ಕೆಳಗಿದೆ, ಆದ್ದರಿಂದ ಎಲುಬು ಬೂದಿಗಿಂತ ಹಳೆಯದು. ಇದರಲ್ಲಿ ಮಂತ್ರವೇನೂ ಇಲ್ಲ.

ಮಣ್ಣನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಪಿಲ್ಟ್‌ಡೌನ್ ಪ್ರಕರಣವಿದೆ. 1912ರಲ್ಲಿ ಚಾರ್ಲ್ಸ್ ಡಾಸನ್ ಎಂಬವರು ಅಲ್ಲಿ ಸಿಕ್ಕಿತೆಂದು ಒಂದು ಬುರುಡೆಯನ್ನೂ ದವಡೆಯನ್ನೂ ಮುಂದಿಟ್ಟರು. ಮನುಷ್ಯನ ಪೂರ್ವಜ ಇಂಗ್ಲೆಂಡಿನವನೇ ಎಂದು ಅನೇಕರು ಹಿಗ್ಗಿದರು. 1924ರಲ್ಲಿ ದಕ್ಷಿಣ ಆಫ್ರಿಕದ ಟೌಂಗ್ ಎಂಬಲ್ಲಿ ದೊರೆತ ನಿಜವಾದ ಪುರಾತನ ಮಗುವಿನ ಬುರುಡೆಯನ್ನು ರೇಮಂಡ್ ಡಾರ್ಟ್ ಪ್ರಕಟಿಸಿದಾಗ, ಈ ಪಿಲ್ಟ್‌ಡೌನಿನ ಮೋಹವೂ ಒಂದು ಕಾರಣವಾಗಿ ದೊಡ್ಡ ದೊಡ್ಡ ಪಂಡಿತರು ಅದನ್ನು ತಳ್ಳಿಹಾಕಿದರು. ನೆಲದಲ್ಲಿ ಹುದುಗಿರುವ ಎಲುಬು ಅಂತರ್ಜಲದಿಂದ ಫ್ಲೋರಿನ್ ಅಂಶವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಆ ಅಂಶವನ್ನು ಅಳೆದಾಗ ಪಿಲ್ಟ್‌ಡೌನಿನ ಎಲುಬುಗಳು ಅಷ್ಟು ಕಾಲ ಆ ನೆಲದಲ್ಲಿ ಇರಲೇ ಇಲ್ಲವೆಂದು ತಿಳಿಯಿತು, 1953ರಲ್ಲಿ ಮೋಸ ಹೊರಬಿತ್ತು. ದವಡೆ ಒರಾಂಗುಟಾನ್ ಎಂಬ ಬಾಲವಿಲ್ಲದ ವಾನರನದಾಗಿತ್ತು. ಈಗ ಓಡಾಡುತ್ತಿರುವ ಸಂದೇಶಗಳಲ್ಲಿ ಕೋಟಿ ವರ್ಷದ ಮನುಷ್ಯನ ಹೆಜ್ಜೆ, ಕಲ್ಲಿದ್ದಲಿನೊಳಗಿನ ಮನುಷ್ಯನ ಎಲುಬು ಎಂದೆಲ್ಲ ಬರುತ್ತದಲ್ಲ, ಅವುಗಳಲ್ಲಿ ಯಾವ ಪದರ, ಯಾರು ಅಗೆದರು, ಯಾವ ವಿಧಾನದಿಂದ ಅಳೆದರು ಎಂಬ ಒಂದು ಸಾಲಾದರೂ ಇದೆಯೇ ಎಂದು ದಯವಿಟ್ಟು ಹುಡುಕಿ ನೋಡಿ. ಇಲ್ಲದಿದ್ದರೆ ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ, ಆದರೆ ನಮ್ಮ ನೆಲದ ಮಾತನ್ನು ಬಿಡಲಾಗದು. ಚೆನ್ನೈ ಸಮೀಪದ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು, ಕುಮಾರ್ ಅಖಿಲೇಶ್ ಅವರ ಉತ್ಖನನದಿಂದ, ಅಲ್ಲಿನ ಕಲ್ಲಿನ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ಗೊತ್ತಾಯಿತು. ಚಿಕ್ಕ ಚಕ್ಕೆಗಳಿಂದ ನಾಜೂಕಾದ ಉಪಕರಣ ಮಾಡುವ ಮುಂದಿನ ಹಂತ ಅಲ್ಲಿ ಸುಮಾರು 3 ಲಕ್ಷ 85 ಸಾವಿರ ವರ್ಷದ ಹಿಂದೆಯೇ ಆರಂಭವಾಗಿತ್ತೆಂದು 2018ರಲ್ಲಿ ತಿಳಿಯಿತು. ಅಲ್ಲಿ ಮನುಷ್ಯನ ಎಲುಬೇ ಇಲ್ಲ, ಕಾಲವನ್ನು ಹೇಳಿದ್ದು ಕಲ್ಲು ಮತ್ತು ಮಣ್ಣು. ಆಂಧ್ರದ ಜ್ವಾಲಾಪುರಂನಲ್ಲಿ ಮೈಕೆಲ್ ಪೆಟ್ರಾಲಿಯಾ ಮತ್ತು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು, ಸುಮಾತ್ರಾದ ಟೋಬಾ ಜ್ವಾಲಾಮುಖಿ 74 ಸಾವಿರ ವರ್ಷದ ಹಿಂದೆ ಉಗುಳಿದ ಬೂದಿಯ ಕೆಳಗೂ ಮೇಲೂ ಕಲ್ಲಿನ ಉಪಕರಣಗಳನ್ನು ಕಂಡರು. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಒಂದು ಕಾರ್ಖಾನೆಯನ್ನೇ ಅಗೆದು ತೆಗೆದರು: ಸುಣ್ಣಕಲ್ಲಿನ ಚಪ್ಪಡಿ, ಪಕ್ಕದಲ್ಲೇ ಅದನ್ನು ಒಡೆದ ಬಡಿಗಲ್ಲು, ಸುತ್ತ ಚದುರಿದ ಚಕ್ಕೆ, ಅರ್ಧಕ್ಕೇ ಬಿಟ್ಟ ಕೈಗೊಡಲಿ. ಅವುಗಳ ಜೊತೆ ಸಿಕ್ಕ ದನದ ಜಾತಿಯ ಪ್ರಾಣಿಗಳ ಹಲ್ಲುಗಳು ಹೇಳಿದ ಕಾಲ ಸುಮಾರು 12 ಲಕ್ಷ ವರ್ಷ.

ಹುಣಸಗಿ, ಸುರಪುರದ ಕಡೆ ಹೊಲ ಉಳುವ ಕೇಳುಗರಿದ್ದರೆ ಅವರಲ್ಲಿ ನನ್ನ ಕೋರಿಕೆಯಿದು. ಎರಡೂ ಮೈ ಕೆತ್ತಿ ಚೂಪು ಮಾಡಿದ ಕಲ್ಲು ಕಣ್ಣಿಗೆ ಬಿದ್ದರೆ ಅದನ್ನು ಎತ್ತಿಕೊಂಡು ಮನೆಗೆ ತರಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಇದ್ದಲ್ಲಿಯೇ ಬಿಟ್ಟು, ಸುತ್ತಲಿನ ಮಣ್ಣು ಕಾಣುವಂತೆ ಒಂದು ಫೋಟೋ ತೆಗೆದು, ಹೊಲದ ಸರ್ವೆ ನಂಬರನ್ನು ಬರೆದಿಟ್ಟುಕೊಂಡು, ರಾಜ್ಯ ಪುರಾತತ್ತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಿ. ನಮಸ್ಕಾರ.