ಎಳೆಯುತ್ತಲೇ ದೂರ ತಳ್ಳುವ ಪುಟ್ಟ ಚಂದ್ರರು

ಕೇಳುಗರಿಗೆ ನಮಸ್ಕಾರ.

ಶನಿಯ ಉಂಗುರ ಗಟ್ಟಿ ತಟ್ಟೆಯಲ್ಲ. ಲೆಕ್ಕವಿಲ್ಲದಷ್ಟು ಮಂಜುಗಡ್ಡೆಯ ಚೂರುಗಳು ಅಲ್ಲಿ ತಮ್ಮ ಪಾಡಿಗೆ ತಾವು ಸುತ್ತುತ್ತಿವೆ. ನಡುನಡುವೆ ಖಾಲಿ ಪಟ್ಟಿಗಳಿವೆ. ಎಂಕೆ ತೆರಪು ಅಂಥದ್ದೊಂದು, ಅಗಲ ಸುಮಾರು 325 ಕಿಲೋಮೀಟರ್. ಅದನ್ನು ಗುಡಿಸಿಟ್ಟವನು ಪ್ಯಾನ್ ಎಂಬ ಚಂದ್ರ. ಅವನ ಅಡ್ಡಳತೆ ಬರೀ 28 ಕಿಲೋಮೀಟರ್!

ಗುರುತ್ವ ಎಳೆಯುತ್ತದಲ್ಲ, ಪ್ಯಾನ್ ಚೂರುಗಳನ್ನೆಲ್ಲ ನುಂಗಿರಬೇಕು ಎನ್ನುತ್ತಾರೆ ಹಲವರು. ಎಷ್ಟು ಸಲ ಹೇಳಿದರೂ ಇದೇ ಮಾತು. ನುಂಗಿದ್ದಲ್ಲ, ತಳ್ಳಿದ್ದು. ಎಳೆತವೇ ಕೊನೆಗೆ ತಳ್ಳುವಿಕೆಯಾಗುತ್ತದೆ. ಇದೊಂದು ನೆನಪಿಡಿ.

ಶನಿಗೆ ಹತ್ತಿರವಿದ್ದಷ್ಟೂ ಓಟ ಜೋರು. ಹಾಗಾಗಿ ಒಳಬದಿಯ ಚೂರು ಪ್ಯಾನನನ್ನು ಹಿಂದಿಕ್ಕುತ್ತದೆ. ದಾಟುವಾಗ ಅದರ ದಾರಿ ಅವನ ಕಡೆಗೆ ಬಾಗುತ್ತದೆ. ದಾಟಿದ ಮೇಲೆ ಚೂರು ಮುಂದೆ, ಪ್ಯಾನ್ ಹಿಂದೆ. ಬಾಗಿ ಹತ್ತಿರ ಬಂದಿರುವುದರಿಂದ ಹಿಂದಿನ ಜಗ್ಗು ಹೆಚ್ಚು. ಚೂರು ಹಿನ್ನಡೆದು ಶನಿಯತ್ತ ಇಳಿಯುತ್ತದೆ. ಹೊರಬದಿಯ ಚೂರು ನಿಧಾನ. ಅದನ್ನು ಪ್ಯಾನೇ ದಾಟಿ ಹೋಗಿ ಮುಂದಿನಿಂದ ಜಗ್ಗುತ್ತಾನೆ, ಅದು ಹೊರಕ್ಕೆ ಸರಿಯುತ್ತದೆ. ಆಮೇಲೆ ಚೂರುಗಳು ಒಂದಕ್ಕೊಂದು ತಾಗಿ, ಓಲಾಟ ಅಡಗಿ, ಹೊಸ ಕಕ್ಷೆಯಲ್ಲಿ ನೆಲೆಗೊಳ್ಳುತ್ತವೆ.

ಪ್ಯಾನ್ ಸಿಕ್ಕಿದ ಬಗೆ ಹೇಳಲೇಬೇಕು. 1981ರಲ್ಲಿ ವಾಯೇಜರ್ 2 ನೌಕೆ ಶನಿಯ ಪಕ್ಕ ಹಾದುಹೋಯಿತು. ಅದು ಕಳಿಸಿದ ಚಿತ್ರಗಳಲ್ಲಿ ಅವನಿದ್ದ, ಯಾರೂ ಗುರುತಿಸಲಿಲ್ಲ. 1985ರಲ್ಲಿ ವಿಜ್ಞಾನಿಗಳಾದ ಜೆಫ್ರಿ ಕಜ್ಜಿ ಮತ್ತು ಜೆಫ್ರಿ ಸ್ಕಾರ್ಗಲ್ ಎಂಕೆ ತೆರಪಿನ ಅಂಚು ಅಲೆಅಲೆಯಾಗಿರುವುದನ್ನು ಕಂಡು, ಒಳಗೊಬ್ಬ ಚಂದ್ರನಿರಬೇಕು ಎಂದರು. ಚಂದ್ರ ಜಗ್ಗಿದ ಚೂರುಗಳ ಓಲಾಟವೇ ಆ ಅಲೆ. ಲೆಕ್ಕ ಸುಲಭ: ಚಂದ್ರನಿಂದ ಅಂಚು ಎಷ್ಟು ದೂರವೋ ಅದರ ಸುಮಾರು ಒಂಬತ್ತೂವರೆ ಪಟ್ಟು ಅಲೆಯ ಉದ್ದ. 160 ಕಿಲೋಮೀಟರ್ ದೂರಕ್ಕೆ ಸುಮಾರು 1,500 ಕಿಲೋಮೀಟರಿನ ಅಲೆ. ಒಳ ಅಂಚಿನ ಅಲೆ ಚಂದ್ರನ ಮುಂದೆ ಓಡುತ್ತದೆ, ಹೊರ ಅಂಚಿನದು ಹಿಂದೆ ಉಳಿಯುತ್ತದೆ. ಅಲ್ಲಿಗೆ ಚಂದ್ರ ಎಲ್ಲಿದ್ದಾನೆಂದು ಗೊತ್ತಾಯಿತು. ಅಲೆಯ ಏರಿಳಿತದಿಂದ ಅವನ ತೂಕವೂ ತಿಳಿಯಿತು. 1990ರಲ್ಲಿ ಮಾರ್ಕ್ ಶೋವಾಲ್ಟರ್, ಯಾವ ಚಿತ್ರದಲ್ಲಿ ಎಲ್ಲಿ ಕಾಣಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಹಳೆಯ ಚಿತ್ರಗಳನ್ನೇ ತಡಕಿದರು. 11 ಚಿತ್ರಗಳಲ್ಲಿ ಸಿಕ್ಕಿದ! ಹೊಸ ನೌಕೆ ಬೇಕಾಗಲಿಲ್ಲ, ಹೊಸ ದೂರದರ್ಶಕವೂ ಬೇಕಾಗಲಿಲ್ಲ.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. 2005ರಲ್ಲಿ ಕ್ಯಾಸಿನಿ ನೌಕೆ ಶನಿಯ ಉಂಗುರದ ಇನ್ನೊಂದು ತೆರಪಾದ ಕೀಲರ್ ತೆರಪಿನಲ್ಲಿ ಡಾಫ್ನಿಸ್ ಎಂಬ ಚಂದ್ರನನ್ನು ಕಂಡಿತು. ಸುಮಾರು 8 ಕಿಲೋಮೀಟರ್ ಗಾತ್ರದವನು. ಯುರೇನಸ್ಸಿನ ಎಪ್ಸಿಲಾನ್ ಉಂಗುರಕ್ಕೆ ಎರಡೂ ಕಡೆ ಚಂದ್ರರ ಕಾವಲು: ಒಳಗಿನಿಂದ ಕಾರ್ಡೀಲಿಯಾ ಹೊರಕ್ಕೆ ತಳ್ಳಿದರೆ, ಹೊರಗಿನಿಂದ ಒಫೀಲಿಯಾ ಒಳಕ್ಕೆ ತಳ್ಳುತ್ತಾಳೆ. ಹರಡಿಹೋಗಬೇಕಾದ ಉಂಗುರ ಕಿರಿದಾಗಿಯೇ ಉಳಿದಿದೆ. ಇಲ್ಲೂ ಅದೇ ತಳ್ಳಾಟ, ಗಮನಿಸಿ.

ಚಂದ್ರ ತೀರಾ ಚಿಕ್ಕವನಾದರೆ? ಶನಿಯ ಉಂಗುರದಲ್ಲಿ ನೂರಾರು ಮೀಟರ್ ಗಾತ್ರದವರೂ ಇದ್ದಾರೆ. ಅವರೂ ತಳ್ಳುತ್ತಾರೆ, ಆದರೆ ಪೂರ್ತಿ ಸುತ್ತು ಮುಗಿಯುವಷ್ಟರಲ್ಲಿ ಚೂರುಗಳು ಬಂದು ಜಾಗ ತುಂಬಿಬಿಡುತ್ತವೆ. ತೆರಪಿನ ಬದಲು ಇಬ್ಬದಿಗೆ ಎರಡು ಗೀರು ಮಾತ್ರ ಉಳಿಯುತ್ತದೆ, ವಿಮಾನದ ಪ್ರೊಪೆಲ್ಲರಿನ ಹಾಗೆ. ಅವುಗಳಿಗೆ ವಿಜ್ಞಾನಿಗಳು ಇಟ್ಟ ಹೆಸರೂ ಪ್ರೊಪೆಲ್ಲರ್ ಎಂದೇ.

ನಮಸ್ಕಾರ.