ಹುಸಿ ಎರೆಗೆ ಯಾವ ಬಣ್ಣ?

ಕೇಳುಗರೆ, ನಮಸ್ಕಾರ.

ಗಾಳಕ್ಕೆ ಎರೆಹುಳು ಸಿಕ್ಕಿಸಿಕೊಂಡು ಕೆರೆ ಏರಿಯ ಮೇಲೆ ಗಂಟೆಗಟ್ಟಲೆ ಕೂತವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಆ ಹುಳುವನ್ನೇ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ಯುವ ಕೆಲಸಕ್ಕೆ ಅಮೆರಿಕದ ಒಹಾಯೊ ರಾಜ್ಯದ ಆ್ಯಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಹೆಸರು ತಂದುಕೊಟ್ಟ. ಅದೂ ಮನೆಯ ಅಡುಗೆಕೋಣೆಯಿಂದ. ಈಗ ನಮ್ಮ ಕೆರೆಗಳಲ್ಲೂ ಕೊರವ ಮೀನಿಗೆ ಪ್ಲಾಸ್ಟಿಕ್ ಕಪ್ಪೆ, ಹುಳು ಎಸೆಯುವವರಿದ್ದಾರೆ. ಕೆಲವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಅವರಲ್ಲಿ ನಾನೂ ಒಬ್ಬ.

ಇದಕ್ಕೆ ಬಳಸುವ ದ್ರವದ ಹೆಸರು ಪ್ಲಾಸ್ಟಿಸಾಲ್, ಅಂದರೆ ಮೆತ್ತಗಾಗಿಸುವ ಎಣ್ಣೆಯಲ್ಲಿ ಕಲಸಿದ ಪಿವಿಸಿ ಪ್ಲಾಸ್ಟಿಕ್ ಪುಡಿ. ನೋಡಲು ಥೇಟ್ ಹಾಲು. ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹಾಲಿನ ಬಿಳುಪು ಹೋಗಿ ಗಾಜಿನಂತೆ ತಿಳಿಯಾಗುತ್ತದೆ. ನಾನು ಮೊದಲ ಸಲ ಎಡವಿದ್ದು ಇಲ್ಲಿಯೇ. ಹಸಿ ದ್ರವಕ್ಕೆ ಹಸಿರು ಹಾಕಿದೆ, ಪಿಸ್ತಾ ಬಣ್ಣದಂತೆ ತೆಳುವಾಗಿ ಕಂಡಿತು. ಇನ್ನಷ್ಟು ಹಾಕಿದೆ, ಮತ್ತಷ್ಟು ಹಾಕಿದೆ. ಕಾದ ಮೇಲೆ ನೋಡಿದರೆ ಕಡುಗಪ್ಪು! ಈಗ ಒಂದು ಲೋಟಕ್ಕೆ ಕೆಲವೇ ಹನಿ ಹಾಕಿ, ಕಾಯಿಸಿ, ಗಾಜಿನ ಚೂರಿನ ಮೇಲೆ ಒಂದು ತೊಟ್ಟು ಬಿಟ್ಟು ಬೆಳಕಿಗೆ ಹಿಡಿದು ನೋಡುತ್ತೇನೆ. ಬಾಲ ತೆಳುವಾಗಿರುವುದರಿಂದ ಮೈಗಿಂತ ತಿಳಿಯಾಗಿ ಕಾಣುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾವ ಬಣ್ಣ ಎನ್ನುವುದಕ್ಕಿಂತ ಮುಂಚೆ, ಎಂಥ ಬಣ್ಣ ಎಂದು ಕೇಳಿಕೊಳ್ಳಿ. ಪ್ಲಾಸ್ಟಿಸಾಲ್‌ಗೆಂದೇ ಮಾಡಿದ ದ್ರವ ಬಣ್ಣ ಒಳ್ಳೆಯದು. ಅಡುಗೆ ಬಣ್ಣ ಖಂಡಿತ ಬೇಡ. ದ್ರವರೂಪದ್ದರಲ್ಲಿ ನೀರಿರುತ್ತದೆ, ಬಿಸಿ ಪ್ಲಾಸ್ಟಿಕ್ಕಿಗೆ ನೀರು ಬಿದ್ದರೆ ಕಾದ ಎಣ್ಣೆಯಂತೆ ಸಿಡಿದು ಮೈ ಸುಡುತ್ತದೆ. ರಂಗೋಲಿ ಪುಡಿ ತರಿತರಿ, ತಳ ಸೇರುತ್ತದೆ. ಸೀಸ, ಕ್ಯಾಡ್ಮಿಯಂ ಇರುವ ವರ್ಣಕಗಳು ಬರಿಗೈಯಲ್ಲಿ ಮುಟ್ಟುವ ವಸ್ತುವಿಗೆ ಸಲ್ಲ. ಅಂಗಡಿಯ ಸಾಮಾನ್ಯ ಮಿನುಗು ಪುಡಿ ಬಿಸಿಗೆ ಬಣ್ಣ ಬಿಡುತ್ತದೆ, ಸುರುಟಿಕೊಳ್ಳುತ್ತದೆ. ಶಾಖ ತಡೆಯುವ ಪಾಲಿಯೆಸ್ಟರ್ ಮಿನುಗನ್ನೇ ತನ್ನಿ, ಹೊಯ್ಯುವ ಕ್ಷಣದಲ್ಲಿ ಮತ್ತೊಮ್ಮೆ ಕಲಕಿ.

ಇನ್ನೊಂದು ಕಿರಿಕಿರಿ, ಬಣ್ಣ ಹತ್ತಿಕೊಳ್ಳುವುದು. ಕರಗುವ ಬಣ್ಣ ಪ್ಲಾಸ್ಟಿಕ್ಕಿನ ಎಣ್ಣೆಯ ಜೊತೆ ಪಕ್ಕದ ಹುಳುವಿಗೂ ನುಸುಳುತ್ತದೆ. ಕೆಂಪಿನ ಪಕ್ಕ ಬಿಳಿ ಇಟ್ಟರೆ ಕೆಲವು ದಿನಕ್ಕೆ ಬಿಳಿಯೂ ಗುಲಾಬಿ. ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳಲ್ಲಿ ಈ ಚಾಳಿ ಹೆಚ್ಚು. ಒಂದೊಂದು ಬಣ್ಣಕ್ಕೆ ಒಂದೊಂದು ಚೀಲ ಇಡಿ.

ಇನ್ನು ನೀರಿನ ಮಾತು. ತಿಳಿನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ, ಆಳಕ್ಕೆ ಹೋದ ಕೆಂಪು ಹುಳು ಕಪ್ಪಗೆ ಕಾಣುತ್ತದೆ. ಪಾಚಿಗಟ್ಟಿದ ಕೆರೆಯಲ್ಲಿ ಕೆಂಪು, ನೀಲಿ ಎರಡೂ ಬೇಗ ಅಡಗಿ, ಹಸಿರು ಹಳದಿ ಉಳಿಯುತ್ತವೆ. ಮಳೆಗಾಲದ ಕೆಮ್ಮಣ್ಣಿನ ರಾಡಿಯಲ್ಲಿ ನೀಲಿಗೆ ಜಾಗವೇ ಇಲ್ಲ. ಹೀಗಾಗಿ ತಿಳಿನೀರಿಗೆ ಪಾರದರ್ಶಕ ಹಸಿರು, ಕಂದು. ರಾಡಿಗೆ ಗಟ್ಟಿ ಕಪ್ಪು ಅಥವಾ ಎದ್ದು ಕಾಣುವ ಹಳದಿಮಿಶ್ರಿತ ಹಸಿರು ನನ್ನ ಆಯ್ಕೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಬಾಸ್ ಮೀನನ್ನು ಪರೀಕ್ಷಿಸಿದರು. ಅದು ಕೆಂಪು, ಹಸಿರು ಬಣ್ಣಗಳನ್ನು ಚೆನ್ನಾಗಿ ಗುರುತಿಸಿತು. ಆದರೆ ಹಳದಿಮಿಶ್ರಿತ ಹಸಿರನ್ನು ಬಿಳಿಯೆಂದೂ ನೀಲಿಯನ್ನು ಕಪ್ಪೆಂದೂ ತಪ್ಪಾಗಿ ತಿಳಿಯಿತು. ಅಂದರೆ ನಾವು ತಲೆಕೆಡಿಸಿಕೊಂಡು ಬೆರೆಸುವ ಎಷ್ಟೋ ಛಾಯೆಗಳು ಮೀನಿಗೆ ಒಂದೇ! ಕೊರವವಂತೂ ನೀರಿನ ಮೇಲೆ ತೇಲುವ ಕಪ್ಪೆಯನ್ನು ಕೆಳಗಿನಿಂದ ನೋಡುತ್ತದೆ. ಹಿನ್ನೆಲೆಯಲ್ಲಿ ಬೆಳ್ಳನೆಯ ಆಕಾಶ, ಕಾಣುವುದು ಕರಿ ನೆರಳು. ಕಪ್ಪೆಯ ಬೆನ್ನಿಗೆ ನಾವು ಹಾಕುವ ಚುಕ್ಕೆ ನಮ್ಮ ಸಂತೋಷಕ್ಕಷ್ಟೇ.

ಒಂದು ಎಚ್ಚರಿಕೆ ಹೇಳಲೇಬೇಕು. ಪ್ಲಾಸ್ಟಿಸಾಲ್ ಅತಿಯಾಗಿ ಕಾದರೆ ಹಳದಿಗಟ್ಟಿ ಹೈಡ್ರೋಜನ್ ಕ್ಲೋರೈಡ್ ಹೊಗೆ ಬಿಡುತ್ತದೆ, ಅದು ಶ್ವಾಸಕೋಶವನ್ನು ಸುಡುವ ವಿಷ. ತಾಪಮಾಪಕ ಇಲ್ಲದೆ ಒಲೆ ಹಚ್ಚಬೇಡಿ. ಗಾಳಿಯಾಡುವ ಜಾಗ, ಆವಿ ತಡೆಯುವ ಮುಖವಾಡ ಇರಲಿ. ಕ್ರೀಮ್ ಅಡುಗೆಕೋಣೆಯಲ್ಲಿ ಮಾಡಿದ ಎಂದು ನೀವು ಮಾಡಬೇಡಿ, ಊಟದ ಪಾತ್ರೆಯನ್ನಂತೂ ಮುಟ್ಟಲೇಬೇಡಿ.

ಈಗ ನಾನು ಹೊಸ ಬಣ್ಣ ಬೆರೆಸುವ ಮುನ್ನ ಕೆರೆಯ ನೀರನ್ನೇ ಒಂದು ಗಾಜಿನ ಭರಣಿಯಲ್ಲಿ ತುಂಬಿ ತರುತ್ತೇನೆ. ಹುಳುವನ್ನು ದಾರಕ್ಕೆ ಕಟ್ಟಿ ಅದರೊಳಗೆ ಇಳಿಬಿಟ್ಟು, ಕಿಟಕಿಯ ಬೆಳಕಿನಲ್ಲಿ ಒಮ್ಮೆ ಪಕ್ಕದಿಂದ, ಒಮ್ಮೆ ತಳದಿಂದ ನೋಡುತ್ತೇನೆ.

ನಮಸ್ಕಾರ.