ಕರೆಂಟ್ ಬರೋವರೆಗೂ ಜಾಬ್ ಕಾಯಬೇಕು: ರೈಲ್ಸ್‌ನಲ್ಲಿ ರಿಟ್ರೈ ಸೆಟ್ಟಿಂಗ್

ನಮಸ್ಕಾರ. ಅಡಿಕೆ ಬೆಳೆಗಾರರಿಗೊಂದು ಆ್ಯಪ್ ಅಂತ ಇಟ್ಕೊಳ್ಳಿ, ವೆಬ್ ಆ್ಯಪ್ ಕಟ್ಟೋ ರೈಲ್ಸ್ ಅನ್ನೋ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು. ಸಂಜೆ ಟೆಂಡರ್ ಮುಗಿದ ಮೇಲೆ ತೀರ್ಥಹಳ್ಳಿಯ ಸೊಸೈಟಿ ಕಂಪ್ಯೂಟರಿನಿಂದ ರೇಟು ತಂದು, "ನಿಮ್ಮ ರಾಶಿ ಲಾಟು ಇಷ್ಟಕ್ಕೆ ಹೋಯ್ತು" ಅಂತ ಮೆಸೇಜ್ ಕಳಿಸ್ಬೇಕು. ಒಬ್ಬೊಬ್ಬರಿಗೆ ಒಂದೊಂದು ಜಾಬ್, ಅಂದ್ರೆ ಹಿನ್ನೆಲೆಯಲ್ಲಿ ನಡೆಯೋ ಕೆಲಸ. ಆಷಾಢದ ಮಳೆ, ಲೈನ್ ಮೇಲೆ ಮರ ಬಿತ್ತು, ಸೊಸೈಟಿಯಲ್ಲಿ ಕರೆಂಟಿಲ್ಲ. ಅಷ್ಟೂ ಜಾಬ್ ಫೇಲ್.

[ತೆರೆಯ ಮೇಲೆ: ಬರೀ ರಿಟ್ರೈ_ಆನ್ ಇರುವ ಕೋಡ್]

ಫೇಲಾದ ಜಾಬನ್ನ ಮತ್ತೆ ಓಡಿಸು ಅಂತ ಹೇಳೋದು ರಿಟ್ರೈ_ಆನ್. ಬೇರೇನೂ ಹೇಳದೇ ಹೋದ್ರೆ ರೈಲ್ಸ್ ತಾನೇ ವೇಟ್ (ನಡುವೆ ಕಾಯೋ ಹೊತ್ತು) 3 ಸೆಕೆಂಡ್, ಅಟೆಂಪ್ಟ್ಸ್ (ಒಟ್ಟು ಎಷ್ಟು ಸಲ ಓಡಿಸೋದು) 5 ಅಂತ ಹಿಡಿಯುತ್ತೆ. ಮೊದಲ ಓಟವೂ ಆ ಐದರಲ್ಲೇ ಸೇರಿದೆ. ಅಂದ್ರೆ ಕಾಯೋದು ನಾಲ್ಕು ಸಲ, ಒಟ್ಟು 12 ಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಲೈನ್‌ಮನ್ ರೈನ್‌ಕೋಟೂ ಹಾಕ್ಕೊಂಡಿರಲ್ಲ.

ವೇಟ್ ಒಂದು ಗಂಟೆ ಮಾಡೋಣ ಅಂದ್ರೆ, ಅರೆ ನಿಮಿಷ ನೆಟ್ ಹೋದದ್ದಕ್ಕೂ ಗಂಟೆ ಕಾಯ್ಬೇಕು. ಅದಕ್ಕೇ ರೈಲ್ಸ್ 7.1ರಿಂದ ಪಾಲಿನಾಮಿಯಲಿ_ಲಾಂಗರ್ ಅನ್ನೋ ಆಯ್ಕೆ ಇದೆ, ಸಲದಿಂದ ಸಲಕ್ಕೆ ಹೆಚ್ಚು ಹೊತ್ತು ಕಾಯುತ್ತೆ.

[ತೆರೆಯ ಮೇಲೆ: 3, 18, 83, 258 ಸೆಕೆಂಡ್]

ಎಷ್ಟನೇ ಓಟವೋ ಆ ಸಂಖ್ಯೆಯ ನಾಲ್ಕನೇ ಘಾತ, ಅದಕ್ಕೆ 2 ಕೂಡಿಸಿ. ಚೆನ್ನಾಗಿದೆ, ಆದ್ರೆ ಅಟೆಂಪ್ಟ್ಸ್ 5ರಲ್ಲೇ ಬಿಟ್ರೆ ಒಟ್ಟು ಆರೇ ನಿಮಿಷ! 10 ಮಾಡಿ: 15,351 ಸೆಕೆಂಡ್, ನಾಲ್ಕೂಕಾಲು ಗಂಟೆ. ನನ್ನ ಪ್ರಕಾರ ಮೊದಲು ಕೇಳ್ಬೇಕಾದ್ದು ಇದನ್ನೇ: ಕರೆಂಟ್ ಎಷ್ಟು ಹೊತ್ತು ಹೋಗ್ಬಹುದು, ಮೆಸೇಜ್ ಎಷ್ಟು ತಡವಾದ್ರೆ ನಡೆಯುತ್ತೆ? ಅಟೆಂಪ್ಟ್ಸ್ ಅದರಿಂದ ತಾನಾಗೇ ಸಿಗುತ್ತೆ.

ಇನ್ನು ಜಿಟರ್. ಒಟ್ಟಿಗೆ ಬಿದ್ದ ಜಾಬ್‌ಗಳು ಒಟ್ಟಿಗೇ ಎದ್ದು ಬಂದ್ರೆ ಆ ಹಳೇ ಕಂಪ್ಯೂಟರ್ ಮತ್ತೆ ಮಲಗುತ್ತೆ. ಪ್ರತಿ ಸಲದ ಕಾಯುವ ಹೊತ್ತಿಗೂ ಶೇಕಡಾ 15ರವರೆಗೆ ಮನಸ್ಸಿಗೆ ಬಂದಷ್ಟು ಸೇರಿಸೋದು ರೈಲ್ಸ್‌ನ ಡಿಫಾಲ್ಟ್. ಮುಟ್ಟೋಕೆ ಹೋಗ್ಬೇಡಿ.

ಅಂದಹಾಗೆ, ಜಾಬ್‌ಗಳ ಕ್ಯೂ ನೋಡ್ಕೊಳ್ಳೋದು ಸೈಡ್‌ಕಿಕ್ ಅನ್ನೋ ಸಾಫ್ಟ್‌ವೇರ್ ಆಗಿದ್ರೆ ಹುಷಾರು. ರೈಲ್ಸ್ ಕೈಚೆಲ್ಲಿದ ಎರರ್ ಅದರ ಕೈಗೆ ಹೋಗುತ್ತೆ. ಅದರ ಡಿಫಾಲ್ಟ್ 25 ರಿಟ್ರೈ, ಸುಮಾರು 20 ದಿನ. ಲಾಟಿನ ದುಡ್ಡು ಖರ್ಚಾದ ಮೇಲೆ ಮೆಸೇಜ್ ಬಂದೀತು.

[ತೆರೆಯ ಮೇಲೆ: ರಿಟ್ರೈ_ಆನ್ ಜೊತೆ ಬ್ಲಾಕ್]

ರಿಟ್ರೈ_ಆನ್‌ಗೆ ಒಂದು ಬ್ಲಾಕ್, ಅಂದ್ರೆ ಕೋಡಿನ ತುಂಡು, ಕೊಡಿ. ಎಲ್ಲ ಓಟ ಮುಗಿದ ಮೇಲೆ ಅದು ನಡೆಯುತ್ತೆ, ಎರರ್ ಮುಂದಕ್ಕೆ ಹೋಗಲ್ಲ. ಅದರೊಳಗೆ ಬಾಕಿ ಉಳಿದ ಹೆಸರನ್ನ ಒಂದು ಪಟ್ಟಿಗೆ ಸೇರಿಸಿ. ಬೆಳಿಗ್ಗೆ ಸೊಸೈಟಿ ಗುಮಾಸ್ತರು ಫೋನ್ ಮಾಡಿ ರೇಟು ಹೇಳ್ತಾರೆ.